ಹೊಟ್ಟು ತುಂಬಿದ ಏಳು ಪೆಟ್ಟಿಗೆ

ಹ್ಯಾಮಿಲ್ಟನ್, ನ್ಯೂಜಿಲೆಂಡ್
12 ಮೇ 2024

ಪ್ರೀತಿಯ ಅತ್ತೆಗೆ,

ಅರ್ಚನಾಳ ನಮಸ್ಕಾರಗಳು. ಹೊರಡುವ ದಿನ ಗೇಟಿನ ಹತ್ತಿರ ನೀವು ಹೇಳಿದ ಮಾತು ಮರೆತಿಲ್ಲ. "ಮೂವತ್ತೊಂದು ವರ್ಷ ಪೋಸ್ಟಾಫೀಸಲ್ಲಿ ಕೂತು ಊರವರ ಕಾಗ್ದಕ್ಕೆಲ್ಲ ಸೀಲು ಹೊಡ್ದೆ. ನನ್ನ ಹೆಸರಿಗೆ ಒಂದೂ ಬರ್ಲಿಲ್ಲ. ನೀನಾದ್ರೂ ಬರಿ ಮಾರಾಯ್ತಿ" ಎಂದಿರಿ. ಬಂದು ಮೂರು ತಿಂಗಳಾದ ಮೇಲೆ ಈಗ ಬರೆಯುತ್ತಿದ್ದೇನೆ, ಬೈಯಬೇಡಿ. ಭಾನುವಾರ ಫೋನಿನಲ್ಲಿ ಮಾತಾಡುತ್ತೇವೆ ನಿಜ. ಆದರೆ ಸ್ಪೀಕರ್ ಹಾಕಿದ ಮೇಲೆ ಧನ್ಯ ಚಿಕ್ಕಪ್ಪನಿಗೆ ಶಾಲೆಯ ಕಥೆ ಶುರು ಮಾಡುತ್ತಾಳೆ, ಅರುಣ ತೋಟದ ಕಥೆ ಹೇಳುತ್ತಾನೆ, ನಿಖಿತಾ ಅಡುಗೆಮನೆಯಿಂದಲೇ ಕೂಗುತ್ತಾಳೆ. ನಮಗಿಬ್ಬರಿಗೆ "ಊಟ ಆಯ್ತಾ" ಎನ್ನುವುದರ ಆಚೆ ಮಾತಿಗೆ ಜಾಗ ಸಿಗುವುದಿಲ್ಲ.

ಬಾಡಿಗೆಗೆ ಒಂದು ಮನೆ ಸಿಕ್ಕಿದೆ. ಎರಡು ಕೋಣೆ, ಹಿಂದೆ ಸ್ವಲ್ಪ ಹುಲ್ಲಿನ ಜಾಗ. ನಾನು ಕೆಲಸ ಮಾಡುವ ವೃದ್ಧರ ಆಸ್ಪತ್ರೆಗೆ ಇಲ್ಲಿಂದ ನಡೆದುಕೊಂಡೇ ಹೋಗಬಹುದು. ಧನ್ಯಳ ಶಾಲೆಯೂ ಅದೇ ರಸ್ತೆಯಲ್ಲಿದೆ. ಮನೆಯಲ್ಲಿ ಏನೂ ಇರಲಿಲ್ಲ. ಪರಿಚಯದವರೊಬ್ಬರು ತಮ್ಮ ವ್ಯಾನಿನಲ್ಲಿ ಹಾಸಿಗೆ, ಮಂಚ ತಂದುಕೊಟ್ಟರು.

ಸಾಮಾನನ್ನು ಹಡಗಿನಲ್ಲಿ ಕಳಿಸುವವರು ಮಂಗಳೂರಿನಲ್ಲಿ ಇದ್ದಾರಂತೆ, ಅರುಣನಿಗೆ ನಂಬರು ಕೊಟ್ಟಿದ್ದೇನೆ. ಧನ್ಯಳ ಪುಸ್ತಕಗಳು, ನನ್ನ ಹೊಲಿಗೆ ಮೆಷಿನ್ನು, ಎರಡು ರಗ್ಗು, ಇಷ್ಟು ಕಳಿಸಿದರೆ ಸಾಕು. ಪಾತ್ರೆಪಗಡೆ ಬೇಡ ಅತ್ತೆ. ಇಲ್ಲಿ ಎಲ್ಲ ಸಿಗುತ್ತದೆ, ಪಾತ್ರೆ ಖಂಡಿತ ಬೇಡ. ಎಲ್ಲವೂ ಅಲ್ಲೇ ಇರಲಿ. ನನ್ನ ಕೋಣೆಗೆ ಬೀಗ ಹಾಕಿ ಇಟ್ಟಿರಿ. ಪಾತ್ರೆ ಮಾತ್ರ ಬೇಡ.

ಜೂನ್ ಬಂದರೆ ಧನ್ಯಳ ಅಪ್ಪ ಹೋಗಿ ಐದು ವರ್ಷ. ಆ ದಿನ ನಾನು ನಿಮ್ಮ ಹತ್ತಿರ ಇರುವುದಿಲ್ಲ ಎನ್ನುವುದು ಮೊದಲ ಸಲ.

ನಿಮ್ಮ,
ಅರ್ಚನಾ

*

ಗೋಣಿಬೀಡು
9 ಜೂನ್ 2024

ಚಿ. ಅರ್ಚನಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ನಿನ್ನೆ ಬಂತು. ಪೋಸ್ಟ್‌ಮ್ಯಾನ್ ಗೇಟಿನಲ್ಲೇ ನಿಂತು, "ಅಮ್ಮಾ, ನಿಮ್ಗೇ ಬಂದಿದೆ, ಫಾರಿನ್ನಿಂದ" ಎಂದು ಕೂಗಿದ. ನಾನು ಕುರ್ಚಿಯಲ್ಲಿದ್ದ ಕಾಲವಾಗಿದ್ದರೆ, ಇನ್ನೊಬ್ಬರ ಟಪಾಲಿನ ಸುದ್ದಿಯನ್ನು ಹೀಗೆ ರಸ್ತೆಗೆಲ್ಲ ಕೇಳಿಸುತ್ತೀಯಾ ಎಂದು ಬೈಯುತ್ತಿದ್ದೆ. ನಿನ್ನೆ ಕಾಫಿ ಕೊಟ್ಟು ಕಳಿಸಿದೆ.

ಕಾಗದವನ್ನು ಮೂರು ಸಲ ಓದಿದೆ. ಪಾತ್ರೆ ಬೇಡ ಎಂದು ನೀನೂ ಮೂರು ಸಲ ಬರೆದಿದ್ದೀಯ. ಒಂದು ಸಲ ಬರೆದರೂ ನನಗೆ ಓದಲು ಬರುತ್ತದೆ. ಹೊರೆಯಾಗುತ್ತದೆ ಎಂದು ಬೇಡವೋ, ಈ ಮನೆಯದೇನೂ ಬೇಡವೋ, ಅದು ಮಾತ್ರ ತಿಳಿಯಲಿಲ್ಲ. ಕೇಳುವುದಿಲ್ಲ ಬಿಡು. ನೀನು ಹೇಳಬೇಕೆನ್ನಿಸಿದಾಗ ಹೇಳುವವಳು. ಮದುವೆಯಾಗಿ ಬಂದ ಹೊಸದರಲ್ಲಿ ಜ್ವರ ನೂರಮೂರಕ್ಕೆ ಏರುವವರೆಗೂ ತಲೆನೋವು ಅಂತಲೂ ಹೇಳದೆ ಕಡುಬು ಕಟ್ಟುತ್ತ ಕೂತಿದ್ದವಳು ನೀನು.

ಜಯಪ್ರಕಾಶನ ದಿನ ಮಾಡಿದೆವು. ಎಡೆಗೆ ಅವನಿಗಿಷ್ಟವಾದ ಕೋಳಿ ಸಾರು ಇಟ್ಟೆ. ನೀನು ಮಾಡುವ ಹದ ಕಿರಿ ಸೊಸೆಯ ಕೈಗೆ ಇನ್ನೂ ಬಂದಿಲ್ಲ, ನಿಖಿತಾಳಿಗೆ ಹೇಳಬೇಡ. ಚಾರ್ಮಾಡಿ ತಿರುವಿನಲ್ಲಿ ಅವನ ಜೀಪು ಬಿದ್ದ ದಿನ ನೀನು ಅಳದೆ ನಿಂತಿದ್ದೆಯಲ್ಲ, ಅದೇ ನನಗೆ ವರ್ಷ ವರ್ಷವೂ ಕಣ್ಣಿಗೆ ಕಟ್ಟುತ್ತದೆ. ನೀನು ಆವತ್ತು ಅತ್ತಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಹಾಸಿಗೆ ತಂದುಕೊಟ್ಟವರಿಗೆ ಊಟ ಹಾಕಿ ಕಳಿಸಿದೆ ತಾನೇ? ಅವರ ಹೆಸರು ಬರೆದಿಲ್ಲ.

ತುಂಗಮ್ಮ

*

ಹ್ಯಾಮಿಲ್ಟನ್
3 ಜುಲೈ 2024

ಪ್ರೀತಿಯ ಅತ್ತೆಗೆ,

ಇಲ್ಲಿ ಈಗ ಚಳಿಗಾಲ. ಬೆಳಗ್ಗೆ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿ ಬಿಳಿಚಿಕೊಂಡಿರುತ್ತದೆ. ಧನ್ಯ ಅದರ ಮೇಲೆ ಕರಕರ ಸದ್ದು ಮಾಡಿಕೊಂಡು ಓಡಿ ಶೂ ಒದ್ದೆ ಮಾಡಿಕೊಳ್ಳುತ್ತಾಳೆ. ರಗ್ಗು ಬೇಗ ಬಂದರೆ ಒಳ್ಳೆಯದು.

ಹಾಸಿಗೆ ತಂದವರು ಇಲ್ಲಿಯ ಹಾಲಿನ ಫಾರ್ಮಿನಲ್ಲಿ ಕೆಲಸ ಮಾಡುವವರು. ನಮ್ಮ ಕಡೆಯವರೇ, ಕಳಸದವರು. ಊಟ ಮಾಡಿಕೊಂಡು ಹೋದರು.

ಆಸ್ಪತ್ರೆಯಲ್ಲಿ ತೊಂಬತ್ತೊಂದು ವರ್ಷದ ಒಬ್ಬ ಅಜ್ಜಿ ಇದ್ದಾರೆ. ನನ್ನ ಕೈಯಿಂದಲೇ ಮಾತ್ರೆ ತೆಗೆದುಕೊಳ್ಳುವುದು, ಬೇರೆಯವರು ಕೊಟ್ಟರೆ ತುಟಿ ಬಿಗಿದುಕೊಳ್ಳುತ್ತಾರೆ. ನಿಮ್ಮ ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಯಾರು ನೆನಪಿಸುತ್ತಾರೆ ಈಗ?

ಇನ್ನೇನೂ ವಿಶೇಷವಿಲ್ಲ.

ಅರ್ಚನಾ

*

ಗೋಣಿಬೀಡು
4 ಆಗಸ್ಟ್ 2024

ಚಿ. ಅರ್ಚನಾಳಿಗೆ ಆಶೀರ್ವಾದಗಳು.

ಸಾಮಾನು ಹೊರಟಿತು. ಒಂಬತ್ತು ಪೆಟ್ಟಿಗೆ. ಎರಡು ಪೆಟ್ಟಿಗೆಯಷ್ಟು ಸಾಮಾನು ಕೇಳಿದವಳಿಗೆ ಒಂಬತ್ತು ಬಂದರೆ ಸಿಟ್ಟು ಬರುತ್ತದೆ ಎಂದು ಗೊತ್ತು. ಬರಲಿ.

ಮಂಗಳೂರಿನ ಏಜೆಂಟರ ಕಡೆಯಿಂದ ಇಬ್ಬರು ರಟ್ಟಿನ ಡಬ್ಬ, ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ಕು ಹೊತ್ತುಕೊಂಡು ಬಂದರು. ಅವರು ಬರುವ ಹೊತ್ತಿಗೆ ಪಾತ್ರೆಯ ಏಳು ಪೆಟ್ಟಿಗೆಗಳನ್ನು ನಾನೂ ದಾಸಯ್ಯನೂ ಕಟ್ಟಿ ಮುಗಿಸಿದ್ದೆವು. ನಮ್ಮ ತೋಟಕ್ಕೆ ಬರುವ ಮೊದಲು ದಾಸಯ್ಯ ದೊಡ್ಡ ಎಸ್ಟೇಟಿನಲ್ಲಿದ್ದವನಲ್ಲವೇ. ಅಲ್ಲಿಯ ದೊರೆ ಕೆಲಸ ಬಿಟ್ಟು ಅವರ ದೇಶಕ್ಕೆ ಹೋಗುವಾಗ ಪಿಂಗಾಣಿಯನ್ನೆಲ್ಲ ಕಟ್ಟಿದ್ದು ಇವನೇ ಅಂತೆ. "ಆ ಗುಳ್ಳೆ ಪ್ಲಾಸ್ಟಿಕ್ ನಂಬಂಗಿಲ್ಲ ಅಮ್ಮ. ಕಾಫಿ ಹೊಟ್ಟು ತುಂಬಿ. ಗುಡ್ಡದ ಮೇಲಿಂದ ಉರುಳ್ಸುದ್ರೂ ಎಂತ ಆಗಲ್ಲ. ದೊರೆ ಸಾಮಾನಲ್ಲಿ ಒಂದು ಸಾಸರ್ ಒಡ್ದಿರ್ಲಿಲ್ಲ" ಎಂದ. ಮಿಲ್ಲಿನಿಂದ ಬಂದ ಹೊಟ್ಟು ಗೋದಾಮಿನಲ್ಲಿ ನಾಲ್ಕು ಮೂಟೆ ಇತ್ತು, ಒಳ್ಳೆ ಬಿಸಿಲಿಗೆ ಒಣಗಿದ್ದು. ಹಂಡೆಯೊಳಗೆ ಚೊಂಬು, ಚೊಂಬಿನೊಳಗೆ ಲೋಟ, ಸಂದಿಯಲ್ಲೆಲ್ಲ ಹೊಟ್ಟು. ದಾಸಯ್ಯ ಪೆಟ್ಟಿಗೆಯ ಮೇಲೆ ಹತ್ತಿ ಕುಣಿದು ತೋರಿಸಿದ, ಒಳಗೆ ಟಿಣ್ ಎನ್ನಲಿಲ್ಲ.

ಮಂಗಳೂರಿನವರು ಮೊದಲು ಮುಖ ಸಣ್ಣ ಮಾಡಿದರು. "ಅಮ್ಮಾ, ನಾವೇ ಪ್ಯಾಕ್ ಮಾಡ್ಬೇಕು, ರೂಲ್ಸು" ಎಂದರು. ಕಡುಬು, ಕೋಳಿ ಸಾರು ಬಡಿಸಿದೆ. ಊಟವಾದ ಮೇಲೆ ಅವರಿಗೆ ನನ್ನ ಜೊತೆ ವಾದ ಮಾಡಲು ಮನಸ್ಸು ಬರಲಿಲ್ಲ, ಮುಚ್ಚಿದ ಪೆಟ್ಟಿಗೆಗೆ ಹಾಗೇ ಪಟ್ಟಿ ಬಿಗಿದರು. ಒಂದು ಫಾರಮ್ಮಿನಲ್ಲಿ ಬೀಜ, ಮಣ್ಣು, ಗಿಡ, ತಿಂಡಿ ಏನಾದರೂ ಸಾಮಾನಿನಲ್ಲಿ ಇದೆಯಾ ಎಂದು ಕೇಳಿದ್ದರು. ಎಲ್ಲಕ್ಕೂ ಇಲ್ಲ ಎಂದು ಗುರುತು ಹಾಕಿದೆ. ಹೊಟ್ಟು ಸಾಮಾನಲ್ಲವಲ್ಲ, ಸಾಮಾನಿನ ಸುತ್ತ ಹಾಕುವುದು.

ಪಾತ್ರೆಗಳ ಪಟ್ಟಿ ಈ ಕಾಗದದ ಜೊತೆಗಿದೆ. ನೀರಿನ ಹಂಡೆ, ಎರಡು ಕೊಡ, ಕಡುಬಿನ ಪಾತ್ರೆ, ದೀಪದ ಕಂಬ ಜೋಡಿ, ಊಟದ ತಟ್ಟೆ ಹನ್ನೆರಡು, ಚೊಂಬು ಲೋಟಗಳು, ನಿನ್ನ ಮದುವೆಯಲ್ಲಿ ನಿನ್ನ ಅಪ್ಪ ಕೊಟ್ಟ ಸ್ಟೀಲು ಡಬ್ಬಗಳೆಲ್ಲವೂ. ಒಂದೊಂದನ್ನೂ ತಿರುಗಿಸಿ, ಬಿ. ಎಸ್. ಸಣ್ಣೇಗೌಡರು, ಬಣಕಲ್ ಎಂಬ ನಿನ್ನ ಅಪ್ಪನ ಹೆಸರು ನೋಡಿಯೇ ಇಟ್ಟಿದ್ದೇನೆ. ನಮ್ಮ ಮನೆಯ ಹೆಸರು ಹೊಡೆದ ಒಂದು ಚಮಚವೂ ಸೇರಿಲ್ಲ. ನೀನು ಹೇಳಿದ ಪುಸ್ತಕ, ರಗ್ಗು, ಹೊಲಿಗೆ ಮೆಷಿನ್ನು ಉಳಿದೆರಡರಲ್ಲಿ ಇವೆ.

ನಿನ್ನ ಕೋಣೆ ಖಾಲಿಯಾಗಿದೆ. ಹಬ್ಬದೊಳಗೆ ಬಣ್ಣ ಹೊಡೆಸಬೇಕು.

ತುಂಗಮ್ಮ

*

ಹ್ಯಾಮಿಲ್ಟನ್
1 ಸೆಪ್ಟೆಂಬರ್ 2024

ಅತ್ತೆಯವರಿಗೆ ನಮಸ್ಕಾರಗಳು.

ಪಟ್ಟಿ ತಲುಪಿತು. ನೀವು ಇಷ್ಟೆಲ್ಲ ಶ್ರಮ ತೆಗೆದುಕೊಂಡಿದ್ದಕ್ಕೆ ವಂದನೆಗಳು. ನಾವು ಆರೋಗ್ಯವಾಗಿದ್ದೇವೆ.

ಇಂತಿ,
ಅರ್ಚನಾ

*

ಗೋಣಿಬೀಡು
22 ಸೆಪ್ಟೆಂಬರ್ 2024

ಚಿ. ಅರ್ಚನಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಕಾಗದ ಅನ್ನಲೋ ರಶೀದಿ ಅನ್ನಲೋ. ಬ್ಯಾಂಕಿನವರೂ ನನಗೆ ಇದಕ್ಕಿಂತ ಉದ್ದ ಬರೆಯುತ್ತಾರೆ.

ಕೆಲಸ ಜಾಸ್ತಿ ಇರಬೇಕು. ಇರಲಿ. ಭಾನುವಾರ ನಿನ್ನ ದನಿ ಕೇಳಿ ನೆಗಡಿಯಾಗಿದೆಯೇ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ನೀನು ಫೋನು ಇಟ್ಟೆ.

ತುಂಗಮ್ಮ

*

ಹ್ಯಾಮಿಲ್ಟನ್
20 ಅಕ್ಟೋಬರ್ 2024

ಅತ್ತೆಯವರಿಗೆ,

ಎರಡು ಭಾನುವಾರಗಳಿಂದ ಸಾಮಾನು ಬಂತಾ ಎಂದು ಕೇಳುತ್ತಿದ್ದೀರಿ, ನಾನು ಇನ್ನೂ ಇಲ್ಲ ಎನ್ನುತ್ತಿದ್ದೇನೆ. ಸುಳ್ಳು ಹೇಳಿದ್ದೆ. ಸಾಮಾನು ಆಕ್ಲೆಂಡ್ ಬಂದರಿಗೆ ಬಂದು ಹದಿನೈದು ದಿನವಾಯಿತು. ಅಲ್ಲಿ ತಡೆದಿದ್ದಾರೆ.

ಈ ದೇಶಕ್ಕೆ ಹೊರಗಿನ ಒಂದು ಬೀಜ, ಒಂದು ಹುಳ ಬರಬಾರದು. ಬಂದರೆ ಇಲ್ಲಿಯ ತೋಟಗಳೇ ಹಾಳಾಗುತ್ತವೆ ಎಂದು ಬಹಳ ಕಟ್ಟುನಿಟ್ಟು. ಪೆಟ್ಟಿಗೆ ತೆರೆಯುವಾಗ ನಾನೂ ಇರಬೇಕೆಂದು ಕರೆದಿದ್ದರು, ರಜೆ ಹಾಕಿ ಹೋದೆ. ಮೊದಲ ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ನಮ್ಮ ಗೋದಾಮಿನ ವಾಸನೆ ಬಂತು ಅತ್ತೆ. ಎಂಟು ತಿಂಗಳಾಗಿತ್ತು ಆ ವಾಸನೆ ಕಂಡು.

ತಪಾಸಣೆ ಮಾಡಿದ ಹೆಂಗಸು ಒಳ್ಳೆಯವರು. ಹೊಟ್ಟನ್ನು ಬಿಳಿ ತಟ್ಟೆಗೆ ಸುರಿದು, ಇದೇನು ಎಂದು ಕೇಳಿದರು. ಕಾಫಿ ಹಣ್ಣಿನ ಸಿಪ್ಪೆ ಎಂದೆ. ಯಾಕೆ ಹಾಕಿದ್ದೀರಿ ಎಂದರು. ಪಾತ್ರೆ ಒಡೆಯದಿರಲಿ ಎಂದು, ಅಂದೆ. ಅವರು ಚೊಂಬನ್ನು ಎತ್ತಿ ನೋಡಿ, "ಇದು ಹಿತ್ತಾಳೆಯಲ್ಲವೇ?" ಎಂದು ಕೇಳಿದರು. ಹೌದು ಎಂದೆ. ತಟ್ಟೆಯಲ್ಲಿ ಎಳ್ಳಿಗಿಂತ ಸಣ್ಣ ಕಪ್ಪು ಹುಳ ಸತ್ತು ಬಿದ್ದಿತ್ತು. ನಮ್ಮ ಕಾಫಿ ಹಣ್ಣು ಕೊರೆಯುವ ಬೆರಿ ಬೋರರ್. ಅರುಣ ವರ್ಷವಿಡೀ ಶಾಪ ಹಾಕುವ ಅದೇ ಹುಳ.

ಈಗ ಮೂರು ದಾರಿ ಇವೆ. ಹೊಟ್ಟನ್ನೆಲ್ಲ ಸುಟ್ಟು, ಪಾತ್ರೆಗಳಿಗೆ ಔಷಧಿ ಕೊಡಿಸಿ ಬಿಡಿಸಿಕೊಳ್ಳಬಹುದು. ಎಲ್ಲವನ್ನೂ ಇಲ್ಲೇ ನಾಶ ಮಾಡಿಸಬಹುದು. ಇಲ್ಲವೇ ಬಂದ ಊರಿಗೆ ವಾಪಸ್ ಕಳಿಸಬಹುದು. ಪುಸ್ತಕ, ರಗ್ಗು, ಮೆಷಿನ್ನಿನಲ್ಲಿ ಹೊಟ್ಟು ಇರಲಿಲ್ಲ, ಅವನ್ನು ಬಿಟ್ಟುಕೊಟ್ಟರು. ಪಾತ್ರೆಗಳ ಏಳು ಪೆಟ್ಟಿಗೆಯನ್ನು ವಾಪಸ್ ಕಳಿಸುತ್ತೇನೆ ಎಂದು ಹೇಳಿ ಬಂದಿದ್ದೇನೆ. ನವೆಂಬರ್ ಹದಿಮೂರಕ್ಕೆ ಸಹಿ ಹಾಕಬೇಕು.

ಯಾಕೆ ಎಂದು ಫೋನಿನಲ್ಲಿ ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ. ಬಣಕಲ್‌ನಲ್ಲಿ ನಮ್ಮ ಪಕ್ಕದ ಮನೆಯ ಸುಕನ್ಯಕ್ಕನ ಕಥೆ ನಿಮಗೂ ಗೊತ್ತು. ಗಂಡನ ಮನೆಯವರಿಗೆ ಅವಳು ಬೇಡವಾದಳು, ಆದರೆ ಬಾಯಲ್ಲಿ ಒಂದು ಮಾತೂ ಹೇಳಲಿಲ್ಲ. ಒಂದು ದಿನ ಪಿಕಪ್ಪು ಬಂತು. ಅವಳ ಅಪ್ಪನ ಹೆಸರು ಹೊಡೆದ ಪಾತ್ರೆಗಳನ್ನು ಒಂದೊಂದಾಗಿ ಓದಿ ಅಂಗಳದಲ್ಲಿ ಇಳಿಸಿದರು. ನಮ್ಮಲ್ಲಿ ತವರಿನ ಪಾತ್ರೆ ವಾಪಸ್ ಬಂತು ಎಂದರೆ ಋಣ ಮುಗಿಯಿತು ಎಂದೇ ಅರ್ಥ. ಆಗ ನನಗೆ ಹನ್ನೆರಡು ವರ್ಷ. ಸುಕನ್ಯಕ್ಕ ಆ ಹಂಡೆಯ ಮೇಲೆ ಕೈಯಿಟ್ಟು ನಿಂತಿದ್ದು ಇನ್ನೂ ಕಾಣುತ್ತದೆ.

ಪಾತ್ರೆ ಅಲ್ಲೇ ಇರಲಿ ಎಂದು ನಾನು ಮತ್ತೆ ಮತ್ತೆ ಬರೆದಿದ್ದು ಅದಕ್ಕೇ. ಅವು ಅಲ್ಲಿ ಇರುವಷ್ಟು ದಿನ ಆ ಮನೆಯಲ್ಲಿ ನನಗೂ ಜಾಗವಿದೆ ಎಂದುಕೊಂಡಿದ್ದೆ. ನೀವು ಒಂದೊಂದನ್ನೂ ತಿರುಗಿಸಿ ಹೆಸರು ನೋಡಿ, ನಿಮ್ಮದೊಂದು ಚಮಚವೂ ಸೇರದಂತೆ ಕಳಿಸಿದಿರಿ. ಕೋಣೆ ಖಾಲಿ ಮಾಡಿ ಬಣ್ಣ ಹೊಡೆಸಿದಿರಿ. ಧನ್ಯ ಫೋನಿನಲ್ಲಿ ಏನೋ ಬಾಯಿಬಿಟ್ಟಿರಬೇಕು, ನಿಮಗೆ ನನ್ನ ಮೇಲೆ ಸಿಟ್ಟು ಬಂದಿರಬೇಕು. ಕೇಳಿದ್ದರೆ ಹೇಳುತ್ತಿದ್ದೆ ಅತ್ತೆ. ಒಂದು ಮಾತು ಕೇಳದೆ ಪಾತ್ರೆ ಕಳಿಸಿದಿರಲ್ಲ.

ನನಗೆ ಅಪ್ಪ ಇಲ್ಲ, ಅಮ್ಮ ಇಲ್ಲ. ಆ ಪಾತ್ರೆಗಳನ್ನು ಇಳಿಸಿಕೊಳ್ಳಲು ಬಣಕಲ್‌ನಲ್ಲಿ ಈಗ ಅಂಗಳವೂ ಇಲ್ಲ. ಅದಕ್ಕೆ ನಿಮ್ಮ ಮನೆಗೇ ವಾಪಸ್ ಕಳಿಸುತ್ತಿದ್ದೇನೆ. ಬೇಡವೆಂದರೆ ನೀವೇ ಗೇಟಿನ ಹೊರಗಿಡಿ.

ಅರ್ಚನಾ

*

ಗೋಣಿಬೀಡು
6 ನವೆಂಬರ್ 2024

ನನ್ನ ಅರ್ಚನಾ,

ನಿನ್ನ ಕಾಗದ ಇವತ್ತು ಹನ್ನೊಂದು ಗಂಟೆಗೆ ಬಂತು. ಟಪಾಲಿನಲ್ಲಿ ಉತ್ತರ ಕಳಿಸಿದರೆ ಹದಿಮೂರರೊಳಗೆ ನಿನಗೆ ಸಿಗುವುದಿಲ್ಲ. ನನ್ನ ಜೀವಮಾನದಲ್ಲಿ ಅಂಚೆ ಇಲಾಖೆಯ ಮೇಲೆ ಸಿಟ್ಟು ಬಂದಿದ್ದು ಇದೇ ಮೊದಲು. ಬರೆದು ನಿಖಿತಾಳ ಕೈಗೆ ಕೊಡುತ್ತೇನೆ, ಅವಳು ಫೋಟೋ ತೆಗೆದು ಫೋನಿನಲ್ಲಿ ಕಳಿಸುತ್ತಾಳೆ. ಓದಿಕೊಂಡರೆ ಓದಿಕೊಳ್ಳಲಿ. ಮುಚ್ಚಿಡುವ ಮಾತುಗಳಿಂದಲೇ ಇಷ್ಟಾಗಿದ್ದು.

ಸುಕನ್ಯಳ ಕಥೆ ನನಗೆ ಗೊತ್ತು. ಪಾತ್ರೆ ಕಟ್ಟುವಾಗ ಅದು ನೆನಪಿಗೇ ಬರಲಿಲ್ಲ ಎಂದರೆ ನಂಬುತ್ತೀಯಾ? ಬರಬೇಕಿತ್ತು. ನನ್ನ ಬುದ್ಧಿಗೆ ಮಂಕು ಕವಿದಿತ್ತು. ನೀನು ಆ ಪಟ್ಟಿ ಹಿಡಿದುಕೊಂಡು ಅಷ್ಟು ದೂರದಲ್ಲಿ ಒಬ್ಬಳೇ ಎರಡು ತಿಂಗಳು ನೊಂದುಕೊಂಡೆಯಲ್ಲ.

ಧನ್ಯ ಹೇಳಿದ್ದು ನಿಜ. ಜೂನಿನಲ್ಲೇ ಹೇಳಿದಳು. "ಅಜ್ಜಿ, ದೇವರಾಜ್ ಅಂಕಲ್ ನಂಗೆ ಕರು ಹಿಡ್ಕೊಳ್ಳೋಕೆ ಬಿಟ್ರು, ಅಮ್ಮ ನಗ್ತಾ ಇದ್ರು" ಎಂದಳು. ಅಮ್ಮ ನಗ್ತಾ ಇದ್ರು. ಸ್ಪೀಕರಿನಲ್ಲಿ ಎಲ್ಲರೂ ಕೇಳಿಸಿಕೊಂಡರು. ನಾನು ಎದ್ದು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಸಿಟ್ಟಿನಿಂದ ಅಲ್ಲ. ನೀನು ನಗುವುದನ್ನು ಐದು ವರ್ಷದಿಂದ ನಾನು ನೋಡಿರಲಿಲ್ಲ, ಇನ್ಯಾರೋ ನೋಡಿದರಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚಾಯಿತು. ಆಮೇಲೆ ಸಂತೋಷವಾಯಿತು. ಎರಡೂ ನಿಜ.

ಅದಕ್ಕೇ ಪಾತ್ರೆ ಕಳಿಸಿದೆ. ನಾಳೆ ನೀನು ಆ ಮನುಷ್ಯನ ಜೊತೆ ಮನೆ ಮಾಡಿದರೆ, ಹಳೆ ಗಂಡನ ಮನೆಯ ಹೆಸರಿನ ಪಾತ್ರೆಯಲ್ಲಿ ಯಾಕೆ ಬಡಿಸಬೇಕು ಎಂದು ಯಾರಾದರೂ ಆಡಿಕೊಂಡಾರು. ಅಪ್ಪನ ಹೆಸರಿನದಾದರೆ ನಿನ್ನದೇ, ಯಾರೂ ಕೇಳುವಂತಿಲ್ಲ. ಹೆಣ್ಣನ್ನು ಕಳಿಸುವಾಗ ಕೈ ಖಾಲಿ ಕಳಿಸಬಾರದು. ನಿನಗೆ ಅದನ್ನು ಮಾಡಲು ಅಮ್ಮ ಇಲ್ಲ, ನಾನು ಮಾಡಿದೆ. ನಿನ್ನನ್ನು ಬಿಡುಗಡೆ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ, ಹೊರಗೆ ಹಾಕಿದೆ ಎಂದು ನಿನಗನ್ನಿಸಿತು. ನಾನು ಬಾಯಿಬಿಟ್ಟು ಹೇಳಬೇಕಿತ್ತು. ನಿನಗೆ ಮುಜುಗರವಾದೀತು ಎಂದು ಬಾಯಿ ಮುಚ್ಚಿಕೊಂಡೆ. ನೀನು "ಪಾತ್ರೆ ಬೇಡ" ಎಂದು ಬರೆದಾಗ, ನಮ್ಮ ಮನೆಯ ನೆನಪೇ ಬೇಡವಾಗಿರಬೇಕು ಎಂದು ನಾನೂ ನೊಂದುಕೊಂಡಿದ್ದೆ. ಇಬ್ಬರೂ ಜಾಣೆಯರೇ.

ಕೋಣೆಯ ವಿಷಯ. ಜಯಪ್ರಕಾಶನ ಹಾರ ಹಾಕಿದ ಫೋಟೋ ನಿನ್ನ ಮಂಚದ ಎದುರಿಗೇ ಇತ್ತಲ್ಲ. ನೀನು ಯಾರ ಜೊತೆಗೋ ಬಂದು ಆ ಕೋಣೆಯಲ್ಲಿ ಉಳಿಯುವ ದಿನ ಬಂದರೆ, ಅದರ ಎದುರು ನೀನು ಹೇಗೆ ಮಲಗುತ್ತೀ? ಅವನನ್ನು ನನ್ನ ಕೋಣೆಗೆ ಕರೆದುಕೊಂಡು ಬಂದೆ. ಮಗ ಅಮ್ಮನ ಹತ್ತಿರ ಇರಲಿ. ಫೋಟೋ ತೆಗೆದ ಜಾಗದಲ್ಲಿ ಗೋಡೆ ಚೌಕವಾಗಿ ಬೆಳ್ಳಗೆ ಉಳಿದಿತ್ತು, ಅದು ಕಾಣದಿರಲಿ ಎಂದು ಕೋಣೆಗೆಲ್ಲ ಬಣ್ಣ ಹೊಡೆಸಿದೆ. ಕೀಲಿ ನನ್ನ ಸೆರಗಿನಲ್ಲೇ ಇದೆ.

ಈಗ ಅವಸರದ ಮಾತು. ಪಾತ್ರೆ ವಾಪಸ್ ಕಳಿಸಬೇಡ. ಬಿಡಿಸಿಕೊ. ಹೊಟ್ಟು ತುಂಬಿದ ತಪ್ಪು ನನ್ನದು, ಆ ಹೆಂಗಸಿಗೆ ನನ್ನ ಪರವಾಗಿ ಕ್ಷಮೆ ಕೇಳು. ದಾಸಯ್ಯನಿಗೆ ವಿಷಯ ಹೇಳಿದೆ. ತಲೆ ಮೇಲೆ ಕೈ ಹೊತ್ತು, "ದೊರೆಯೋರ್ ದೇಶ್ದಲ್ಲಿ ಯಾರೂ ತಡೀಲಿಲ್ವಲ್ಲಮ್ಮ" ಎಂದು ಕೂತಿದ್ದಾನೆ.

ಹಿತ್ತಾಳೆ ಒಡೆಯುವುದಿಲ್ಲ ಎಂದು ನನಗೂ ಗೊತ್ತು. ಆದರೂ ನಿನ್ನ ಸಾಮಾನು ಕಟ್ಟುವಾಗ ಕೈ ಹೊಟ್ಟು ತುಂಬುತ್ತಲೇ ಇತ್ತು.

ತುಂಗಮ್ಮ

*

ಹ್ಯಾಮಿಲ್ಟನ್
14 ನವೆಂಬರ್ 2024

ಅತ್ತೆ,

ನಿಮ್ಮ ಕಾಗದದ ಫೋಟೋ ಬಂದಾಗ ನಾನು ಡ್ಯೂಟಿಯಲ್ಲಿದ್ದೆ. ಔಷಧಿ ಕೋಣೆಯಲ್ಲಿ ನಿಂತು ಓದಿದೆ. ಆ ತೊಂಬತ್ತೊಂದರ ಅಜ್ಜಿ ನನ್ನ ಮುಖ ನೋಡಿ, ಯಾರಾದರೂ ಹೋಗಿಬಿಟ್ಟರಾ ಎಂದು ಕೇಳಿದರು. ಇಲ್ಲ, ನನ್ನ ಅತ್ತೆ ಬೈದಿದ್ದಾರೆ ಎಂದೆ.

ನಿನ್ನೆ ಸಹಿ ಹಾಕಿದೆ. ವಾಪಸ್ ಅಲ್ಲ, ಬಿಡಿಸಿಕೊಳ್ಳುವುದಕ್ಕೆ. ಇನ್ನೆರಡು ವಾರದಲ್ಲಿ ಕೈಗೆ ಬರುತ್ತವೆ. ನಿಮ್ಮ ಕ್ಷಮೆಯನ್ನು ಆ ತಪಾಸಣೆಯ ಹೆಂಗಸಿಗೆ ತಲುಪಿಸಿದೆ. ಅವರ ಅಜ್ಜಿ ಸೇಬನ್ನು ಒಣಹುಲ್ಲಿನಲ್ಲಿ ಸುತ್ತಿ ಕಳಿಸುತ್ತಿದ್ದರಂತೆ, ನೆನಪಾಯಿತು ಎಂದರು. ಆದರೆ ಮುಂದಿನ ಸಲ ದಯವಿಟ್ಟು ಬೇಡ ಎಂದೂ ಹೇಳಿದರು.

ಇನ್ನು ನಾನು ಮುಚ್ಚಿಟ್ಟ ಮಾತು. ಹಾಸಿಗೆ ತಂದುಕೊಟ್ಟ ಕಳಸದವರೇ ದೇವರಾಜ, ನಲವತ್ತೆರಡು ವರ್ಷ. ಊರಿನಲ್ಲಿ ಒಂದು ಮದುವೆಯಾಗಿ ಮುರಿದು ಏಳು ವರ್ಷವಾಯಿತಂತೆ, ಮಕ್ಕಳಿಲ್ಲ. ಹೆಚ್ಚು ಮಾತಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಮುನ್ನೂರು ಹಸುಗಳ ಹಾಲು ಕರೆಸುವ ಕೆಲಸ. ಧನ್ಯಳಿಗೆ ಲೆಕ್ಕ ಹೇಳಿಕೊಡಲು ಕೂತರೆ ಅವಳಿಗಿಂತ ಮೊದಲು ಅವರಿಗೇ ತೂಕಡಿಕೆ. ಧನ್ಯ ಅವರ ಹತ್ತಿರ ಅಪ್ಪನ ಕಥೆಗಳನ್ನೆಲ್ಲ ಹೇಳುತ್ತಾಳೆ, ಅವರು ಕೂತು ಕೇಳುತ್ತಾರೆ. ಆ ಒಂದು ಕಾರಣಕ್ಕೆ ನನಗೆ ಅವರ ಮೇಲೆ ಮನಸ್ಸಾಯಿತು.

ಆಗಸ್ಟಿನಲ್ಲಿ ಅವರು ಮದುವೆಯ ಮಾತೆತ್ತಿದರು. ನಾನು ಉತ್ತರ ಕೊಟ್ಟಿಲ್ಲ. ನಿಮ್ಮ ಪಟ್ಟಿ ಬಂದಿದ್ದು ಅದೇ ವಾರ. ಹೌದು ಎಂದರೆ ನಾನು ನಿಮಗೆ ಏನಾಗುತ್ತೇನೆ ಎನ್ನುವುದೇ ನನ್ನ ಪ್ರಶ್ನೆ. ಸೊಸೆ ಅನ್ನುವ ಹಾಗಿಲ್ಲ. ಧನ್ಯ ಎಂದಿಗೂ ನಿಮ್ಮ ಮೊಮ್ಮಗಳೇ, ಅವಳಿಗೆ ಚಿಂತೆಯಿಲ್ಲ. ನಾನು? ಭಾನುವಾರದ ಫೋನಿನಲ್ಲಿ ನಿಮ್ಮನ್ನು ಏನೆಂದು ಕರೆಯಲಿ? ಗಂಡ ಹೋದಾಗ ನಾನು ಅಳದೆ ನಿಂತಿದ್ದು ಧೈರ್ಯದಿಂದ ಅಲ್ಲ ಅತ್ತೆ. ನೀವು ನನ್ನ ರಟ್ಟೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಿರಿ ಎಂದರೆ, ನಾನು ಕುಸಿದರೆ ನೀವೂ ಕುಸಿಯುತ್ತೀರಿ ಎಂದು ಹೆದರಿ ನಿಂತಿದ್ದೆ. ಆ ಹಿಡಿತ ತಪ್ಪುವುದಾದರೆ ನನಗೆ ಈ ಮದುವೆ ಬೇಡ. ಇದನ್ನು ಅವರಿಗೂ ಹೇಳಿದ್ದೇನೆ.

ಇದಕ್ಕೆ ಫೋಟೋದಲ್ಲಿ ಉತ್ತರ ಕಳಿಸಬೇಡಿ. ಅವಸರವಿಲ್ಲ. ಟಪಾಲಿನಲ್ಲೇ ಕಳಿಸಿ, ಯೋಚಿಸಿ ಬರೆಯಿರಿ.

ನಿಮ್ಮ,
ಅರ್ಚನಾ

*

ಗೋಣಿಬೀಡು
8 ಡಿಸೆಂಬರ್ 2024

ಅರ್ಚನಾ,

ಯೋಚಿಸಿ ಬರೆಯಿರಿ ಎಂದಿದ್ದೀಯ. ಯೋಚಿಸುವುದಕ್ಕೆ ಏನಿದೆ ಇದರಲ್ಲಿ? ಕಾಗದ ಬಂದ ದಿನವೇ ಉತ್ತರ ಬರೆಯದೆ ಇದ್ದಿದ್ದು ಬೇರೆ ಕೆಲಸಕ್ಕೆ ಓಡಾಡುತ್ತಿದ್ದೆ ಎಂದು. ಅದನ್ನು ಆಮೇಲೆ ಹೇಳುತ್ತೇನೆ.

ಕೊಯ್ಲು ಶುರುವಾಗಿದೆ. ಮನೆಯಲ್ಲಿ ಅರುಣ, ನಿಖಿತಾಳನ್ನು ಕೂರಿಸಿಕೊಂಡು ವಿಷಯ ಹೇಳಿದೆ. ಅರುಣ ಎದ್ದು ಹೋಗಿ ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದ. ಅಣ್ಣನ ಹೆಂಡತಿ ಅಲ್ಲವೇ, ಅವನಿಗೂ ಒಳಗೆ ನೋವಿದೆ. ಆಮೇಲೆ, "ಅತ್ತಿಗೆ ಬಂದಾಗ ಆ ಮನುಷ್ಯನ್ನ ತೋಟ ಸುತ್ತಿಸ್ಬೇಕು, ಹಸು ಬಿಟ್ಟು ಬೇರೆ ಎಂತಾದ್ರೂ ಗೊತ್ತಾ ನೋಡ್ಬೇಕು" ಎಂದ. ಅವನ ಒಪ್ಪಿಗೆ ಹಾಗೇ, ನಿನಗೆ ಗೊತ್ತಲ್ಲ.

ದೇವರಾಜನ ಕಡೆಯ ಹಿರಿಯರು ಕಳಸದಲ್ಲಿ ಇದ್ದಾರೆ ತಾನೇ. ನಾಳೆ ಅವರು, ಹುಡುಗಿಯ ಕಡೆ ಯಾರಿದ್ದಾರೆ ಎಂದು ಕೇಳುತ್ತಾರೆ. ಕೇಳುವುದು ನ್ಯಾಯವೇ. ಆಗ ನೀನು ತಲೆ ತಗ್ಗಿಸಿ ಯಾರೂ ಇಲ್ಲ ಎನ್ನಬಾರದು. ಗೋಣಿಬೀಡಿನ ತುಂಗಮ್ಮ ಇದ್ದಾಳೆ ಅನ್ನು. ಮೊದಲ ಗಂಡನ ತಾಯಿ ಅಲ್ಲವೇ ಎಂದರೆ ಹೌದು ಅನ್ನು, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಮುಂದಿನ ತಿಂಗಳು ಅರುಣನ ಜೊತೆ ನಾನೇ ಕಳಸಕ್ಕೆ ಹೋಗಿ ಅವರನ್ನು ಕಂಡು ಬರುತ್ತೇನೆ. ಹೆಣ್ಣಿನ ಕಡೆಯವರು ಮೊದಲು ಹೋಗಬೇಕೋ ಅವರು ಬರಬೇಕೋ ಎಂದು ಲೆಕ್ಕ ಹಾಕುತ್ತ ಕೂರುವ ವಯಸ್ಸು ನನಗಿಲ್ಲ.

ಮತ್ತೆ ಧಾರೆಯ ಮಾತು. ಅದು ನನ್ನದು. ನಿನ್ನ ಕೈ ಹಿಡಿದು ನಾನೇ ಎರೆಯುತ್ತೇನೆ. ಗಂಡನಿಲ್ಲದವಳು ಧಾರೆ ಎರೆಯಬಾರದು, ಸೊಸೆಯನ್ನು ಇನ್ನೊಬ್ಬರಿಗೆ ಕೊಡುವುದುಂಟೇ ಎನ್ನುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದಕ್ಕೇ ಮದುವೆ ಅಲ್ಲೇ ಆಗಲಿ. ಅವರಿಗೆ ಯಾರಿಗೂ ವೀಸಾ ಇಲ್ಲ.

ನನಗೆ ಆಗುತ್ತದೆ. ಓಡಾಡುತ್ತಿದ್ದೆ ಎಂದೆನಲ್ಲ, ಹಾಸನಕ್ಕೆ ಹೋಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಬಂದೆ. ಅದನ್ನೂ ಈಗ ಪೋಸ್ಟಾಫೀಸಿನಲ್ಲೇ ಮಾಡುತ್ತಾರೆ, ನನಗೆ ಕುರ್ಚಿ ಹಾಕಿ ಕೂರಿಸಿದರು. ಅರವತ್ತನಾಲ್ಕು ವರ್ಷಕ್ಕೆ ಮೊದಲ ಸಲ ಎಲ್ಲಿಗಮ್ಮ ಎಂದು ಕೌಂಟರಿನ ಹುಡುಗಿ ಕೇಳಿದಳು. ಮಗಳ ಮದುವೆಗೆ ಎಂದೆ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಗೆ ಅದೇ ಬಂತು.

ನನ್ನನ್ನು ಅತ್ತೆ ಎಂದೇ ಕರೆ. ಹದಿನಾಲ್ಕು ವರ್ಷದಿಂದ ಕಿವಿಗೆ ಅದೇ ರೂಢಿ. ಅವನನ್ನು ಕಾಯಿಸಬೇಡ, ಹೌದು ಎಂದು ಹೇಳು. ತಾರೀಕು ಗೊತ್ತಾದ ಕೂಡಲೇ ತಿಳಿಸು.

ಧಾರೆಗೆ ಹೇಮಾವತಿಯ ನೀರು ಒಂದು ಬಾಟಲಿ ತರೋಣ ಎಂದಿದ್ದೆ. ಅರುಣ, "ಅಮ್ಮ, ಮತ್ತೆ ಹೊಸ ತಕರಾರು ಶುರು ಮಾಡ್ಬೇಡ" ಎಂದ. ಅಲ್ಲಿಯ ನಲ್ಲಿ ನೀರೇ ಸಾಕು. ಎರೆಯುವ ಕೈ ನನ್ನದು.

ಹೆಣ್ಣಿನ ಕಡೆಯಿಂದ,
ತುಂಗಮ್ಮ